ಓಡುವ ಕಾಲು, ಓಡಿಹೋಗುವ ಮನಸ್ಸು



ಈ ಸಲ ಅಡುಗೆಮನೆ ಬಿಟ್ಟು ಸ್ವಲ್ಪ ಆಟದ ಬಯಲಿನ ಕಡೆ ಹೋಗಿಬರೋಣ. ಅದಕ್ಕೆ ಕಾರಣ ಓದುಗ ಸೋದರಿಯೊಬ್ಬರ ಪತ್ರ. ಅವರ ಮಗಳು ಹತ್ತನೇ ತರಗತಿಯಲ್ಲಿದ್ದಾಳೆ, 800 ಮೀಟರ್ ಓಟಗಾರ್ತಿ. ಶಾಲೆಯ ಮೈದಾನದಲ್ಲಿ ಓಡಿದರೆ ಗಂಡುಹುಡುಗರೂ ಹಿಂದೆ ಬೀಳ್ತಾರಂತೆ. ತಾಲ್ಲೂಕು ಮಟ್ಟದಲ್ಲಿ ಎರಡು ವರ್ಷವೂ ಅವಳೇ ಮೊದಲು. ಜಿಲ್ಲೆಯ ಕೂಟ ಅಂದರೆ ಮಾತ್ರ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ತೊಳಸು, ಕೈಕಾಲು ತಣ್ಣಗೆ. ಎರಡನೇ ಸುತ್ತಿನಲ್ಲಿ ಮತ್ತೆ ಮತ್ತೆ ಹಿಂದಕ್ಕೆ ತಿರುಗಿ ನೋಡುತ್ತಾ, ಕೊನೆಗೆ ಐದನೆಯವಳೋ ಆರನೆಯವಳೋ ಆಗಿ ಬರುತ್ತಾಳೆ. "ಇವಳಿಗೆ ಎದೆಗಾರಿಕೆ ಸಾಲದು. ಸಾಕು ಈ ಓಟ, ಪುಸ್ತಕ ಹಿಡಿದು ಕೂರಲಿ" ಅಂತ ಮನೆಯವರ ತೀರ್ಮಾನವಾಗಿದೆ. ಹುಡುಗಿ ಊಟ ಬಿಟ್ಟು ಅಳುತ್ತಿದ್ದಾಳೆ. "ಧೈರ್ಯ ಅನ್ನೋದು ಕಲಿಸಿದರೆ ಬರುವಂಥದೇ? ನೀವೇನಂತೀರಿ?" ಅಂತ ತಾಯಿ ಕೇಳಿದ್ದಾರೆ.

ಧೈರ್ಯದ ಮಾತು ಆಮೇಲೆ. ಆ ಹುಡುಗಿಯ ಮೈಯಲ್ಲಿ ಆಗುತ್ತಿರುವುದೇನು ಅಂತ ಮೊದಲು ನೋಡೋಣ. ಅಪಾಯ ಬಂತು ಅನ್ನಿಸಿದಾಗ ನಮ್ಮ ದೇಹ ತಾನಾಗಿ ಸಜ್ಜಾಗುತ್ತದೆ. ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲುಮೇಲಾಗುತ್ತದೆ, ಭುಜ ಬಿಗಿಯುತ್ತದೆ, ಹೊಟ್ಟೆ ಕಲಕುತ್ತದೆ. ಎಂಥಾ ದೊಡ್ಡ ಆಟಗಾರರಿಗೂ ಇದು ತಪ್ಪಿದ್ದಲ್ಲ. ಇದನ್ನು ಹೇಡಿತನ ಅಂತ ಕರೆಯೋದು ತಪ್ಪು. ತೊಂದರೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಮೈ ಹೀಗಾದ ಕೂಡಲೇ ಮನಸ್ಸು ಕಾಲಿನ ಜತೆ ನಿಲ್ಲೋದಿಲ್ಲ. "ಹೋದ ವರ್ಷ ಸೋತೆನಲ್ಲ" ಅಂತ ಹಿಂದಕ್ಕೆ ಹೋಗುತ್ತೆ, "ಈ ವರ್ಷವೂ ಸೋತರೆ ಅಪ್ಪ ಏನಂತಾರೋ" ಅಂತ ಮುಂದಕ್ಕೆ ಹೋಗುತ್ತೆ. ಓಟ ನಡೆಯುತ್ತಿರುವ ಜಾಗದಲ್ಲಿ ಮಾತ್ರ ಇರೋದಿಲ್ಲ.

ಇನ್ನೊಂದು ಅಪಾಯವೂ ಇದೆ. ನೀವು ದಿನಾ ದೋಸೆ ಹುಯ್ಯುತ್ತೀರಿ, ಕೈ ತನ್ನಷ್ಟಕ್ಕೆ ಗುಂಡಗೆ ತಿರುಗುತ್ತದೆ. ಅದೇ ಸಮಯಕ್ಕೆ ಬಂದವರು ಯಾರೋ ಪಕ್ಕದಲ್ಲಿ ನಿಂತು, "ಅಕ್ಕಾ, ಮಣಿಕಟ್ಟು ಹೇಗೆ ತಿರುಗಿಸ್ತೀರಿ? ಹೆಬ್ಬೆರಳು ಎಲ್ಲಿಡ್ತೀರಿ?" ಅಂತ ಕೇಳಲಿ. ಆ ದೋಸೆ ಸೊಟ್ಟಗಾಯಿತು ಅಂತಲೇ ಲೆಕ್ಕ. ಅಮೆರಿಕದಲ್ಲಿ ಸಿಯಾನ್ ಬೈಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ನುರಿತ ಫುಟ್‌ಬಾಲ್ ಆಟಗಾರರಿಗೆ ಸಾಲಾಗಿಟ್ಟ ಗುರುತುಗಳ ನಡುವೆ ಚೆಂಡನ್ನು ಕಾಲಿನಲ್ಲಿ ಸಾಗಿಸಿಕೊಂಡು ಹೋಗಲು ಹೇಳಿದರು. ಪಾದದ ಯಾವ ಪಕ್ಕ ಚೆಂಡಿಗೆ ತಾಗುತ್ತಿದೆ ಅಂತ ಗಮನಿಸುತ್ತಾ ಹೋಗಿ ಅಂದಾಗ, ಅವರ ಪಳಗಿದ ಕಾಲೇ ನಿಧಾನವಾಯಿತು. ಹೊಸದಾಗಿ ಕಲಿಯುವವರಿಗೆ ಆ ತೊಂದರೆ ಆಗಲಿಲ್ಲ. ಹಾಗಾಗಿ ಓಟದ ದಿನ ಬೇಲಿಯಾಚೆ ನಿಂತು "ಮೊಣಕಾಲು ಎತ್ತು, ಕೈ ಬೀಸು" ಅಂತ ಕೂಗುವ ಅಪ್ಪ-ಅಮ್ಮಂದಿರು ಒಂದು ಸಲ ಯೋಚನೆ ಮಾಡಬೇಕು.

ಸರಿ, "ಹೆದರಬೇಡ ಮಗಳೇ" ಅಂತ ಹೇಳಿದರೆ ಆದೀತೇ? ಔಷಧಿ ಕುಡಿಯುವಾಗ ಮಂಗನನ್ನು ನೆನೆಸಿಕೊಳ್ಳಬೇಡ ಅಂದ ವೈದ್ಯರ ಕಥೆ ನಿಮಗೆಲ್ಲಾ ಗೊತ್ತೇ ಇದೆ. ಅಲ್ಲಿಯವರೆಗೂ ನೆನಪಿಗೆ ಬಾರದ ಮಂಗ ಅಂದಿನಿಂದ ಲೋಟದ ಅಂಚಿನಲ್ಲೇ ಕೂತಿತ್ತು! ಭಯದ ಕಥೆಯೂ ಅದೇ. ಒತ್ತಿ ಹಿಡಿದಷ್ಟೂ ಮೇಲೇಳುತ್ತದೆ. ಹಾಗಾದರೆ ಒತ್ತದೆ, ಓಡಿಸದೆ, ಭಯ ಇದ್ದ ಹಾಗೆಯೇ ಕೆಲಸ ಮಾಡೋದು ಹೇಗೆ? ಈ ಪ್ರಶ್ನೆಗೆ ಕ್ರೀಡಾ ಪ್ರಪಂಚದವರು ನಲವತ್ತು ವರ್ಷದಿಂದ ಪ್ರಯತ್ನಿಸುತ್ತಿರುವ ಒಂದು ಉತ್ತರವೇ ಮೈಂಡ್‌ಫುಲ್‌ನೆಸ್.

ಈ ಹೆಸರು ಈಚೆಗೆ ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ಎಲ್ಲಾ ಕಡೆ ಕಾಣುತ್ತೆ. ಹೆಸರು ಇಂಗ್ಲಿಷಿನದಾದರೂ ಬೇರು ನಮ್ಮ ಕಡೆಯದೇ. ಬೌದ್ಧರು ಪಾಲಿ ಭಾಷೆಯಲ್ಲಿ ಇದನ್ನು "ಸತಿ" ಅಂದರು, ಸಂಸ್ಕೃತದ "ಸ್ಮೃತಿ"ಯೇ ಅದು. ನಾವು "ಮನದೆಚ್ಚರ" ಅಂತ ಕರೆಯೋಣ. ಈಗ, ಇಲ್ಲಿ ಏನಾಗುತ್ತಿದೆ ಅನ್ನುವುದನ್ನು ಒಳ್ಳೇದು ಕೆಟ್ಟದ್ದು ಅಂತ ತೀರ್ಪು ಕೊಡದೆ ಗಮನಿಸುವುದು, ಇಷ್ಟೇ. ಮನಸ್ಸನ್ನು ಖಾಲಿ ಮಾಡಬೇಕು ಅಂತ ಎಷ್ಟೋ ಜನ ತಿಳಿದಿದ್ದಾರೆ, ಅದು ಯಾರಿಂದಲೂ ಆಗದ ಮಾತು. ಮನಸ್ಸು ಓಡೇ ಓಡುತ್ತೆ. ಕರು ಹಗ್ಗ ಬಿಚ್ಚಿಕೊಂಡು ಓಡಿದರೆ ಹೊಡೆಯದೆ, ಬಯ್ಯದೆ ಹಿಡಿದು ತಂದು ಮತ್ತೆ ಗೂಟಕ್ಕೆ ಕಟ್ಟುತ್ತೇವಲ್ಲ, ಹಾಗೆ ಅದನ್ನು ಕರೆತರಬೇಕು. ನೂರು ಸಲ ಓಡಿದರೆ ನೂರು ಸಲ. ಈ ಕರೆತರುವುದೇ ಅಭ್ಯಾಸ. ದಂಡ ಹೊಡೆದರೆ ತೋಳು ಗಟ್ಟಿಯಾಗುವ ಹಾಗೆ, ಕರೆತಂದು ಕರೆತಂದು ಗಮನ ಗಟ್ಟಿಯಾಗುತ್ತದೆ.

ಇದನ್ನು ಆಟಕ್ಕೆ ತಂದವರ ಕಥೆ ಕೇಳಿ. ಜಾನ್ ಕಬಾಟ್-ಜಿನ್ ಎಂಬವರು ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ 1979ರಲ್ಲಿ ಒಂದು ಕ್ಲಿನಿಕ್ ತೆರೆದರು. ಮದ್ದಿನಿಂದ ಪೂರ್ತಿ ಹೋಗದ ನೋವು, ಆತಂಕ ಇದ್ದ ರೋಗಿಗಳಿಗೆ ಧಾರ್ಮಿಕ ಆಚರಣೆ ಏನೂ ಇಲ್ಲದೆ, ಈ ಅಭ್ಯಾಸ ಕಲಿಸತೊಡಗಿದರು. ಅಲ್ಲಿಂದ ಅವರು ದೋಣಿ ನಡೆಸುವ ಆಟಗಾರರ ಬಳಿಗೂ ಹೋದರು. ಅವರಲ್ಲಿ ಕಾಲೇಜಿನವರೂ ಇದ್ದರು, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸಿದ್ಧರಾಗುತ್ತಿದ್ದವರೂ ಇದ್ದರು. ದೋಣಿಯ ಸ್ಪರ್ಧೆ 2000 ಮೀಟರಿನದು. ಎಂಟು ಜನ ಒಟ್ಟಿಗೆ ಹುಟ್ಟು ಹಾಕುವ ದೋಣಿಯಲ್ಲಿ ಒಬ್ಬರ ಹುಟ್ಟು ಒಂದು ಗಳಿಗೆ ತಡವಾದರೂ ಇಡೀ ದೋಣಿ ತಡವರಿಸುತ್ತದೆ. ತೊಡೆ ಉರಿಯುತ್ತಿರುವಾಗಲೂ ಗಮನ ಈ ಹುಟ್ಟಿನಲ್ಲೇ ಇರಬೇಕು. ಆ ತಂಡದಲ್ಲಿ ಪದಕ ಗೆದ್ದ ಕೆಲವರು ಈ ಅಭ್ಯಾಸ ನಮಗೆ ನೆರವಾಯಿತು ಅಂದರೆಂದು 1985ರಲ್ಲಿ ಕೋಪನ್‌ಹೇಗನ್ನಿನ ಸಮ್ಮೇಳನವೊಂದರಲ್ಲಿ ವರದಿಯಾಯಿತು. ಗೆದ್ದವರ ಬಾಯಿಮಾತು ಅದು, ಪಕ್ಕಾ ರುಜುವಾತು ಅಂತ ಹೇಳಲಿಕ್ಕಾಗದು. ಆದರೂ ಒಂದು ಬಾಗಿಲು ತೆರೆಯಿತು.

ಇನ್ನೊಬ್ಬರು ಜಾರ್ಜ್ ಮಮ್‌ಫರ್ಡ್. ಹುಡುಗರಾಗಿದ್ದಾಗ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಪೆಟ್ಟಾಗಿ ಆಟ ನಿಂತಿತು. ನೋವಿನ ಮಾತ್ರೆಯಿಂದ ಶುರುವಾದದ್ದು ಹೆರಾಯಿನ್ ಚಟದವರೆಗೆ ಹೋಯಿತು. 1984ರಲ್ಲಿ ಅದರಿಂದ ಹೊರಬಂದು ಈ ಅಭ್ಯಾಸ ಹಿಡಿದರು, ಆಮೇಲೆ ಸೆರೆಮನೆಗಳಲ್ಲಿ, ಬಡವರ ಕೇರಿಗಳಲ್ಲಿ ಕಲಿಸಿದರು. ಶಿಕಾಗೋ ಬುಲ್ಸ್ ತಂಡದ ತರಬೇತುದಾರ ಫಿಲ್ ಜಾಕ್ಸನ್ 1993ರಲ್ಲಿ ಅವರನ್ನು ಕರೆಸಿದರು. ಆ ವರ್ಷವೇ ಮೈಕಲ್ ಜೋರ್ಡನ್ ತಂದೆಯನ್ನು ಕಳೆದುಕೊಂಡು ಆಟದಿಂದ ನಿವೃತ್ತಿ ಘೋಷಿಸಿದ್ದರು, ತಂಡ ದಿಕ್ಕೆಟ್ಟಿತ್ತು. ಆರೂವರೆ ಅಡಿ ಆಳುಗಳು ಕಣ್ಣು ಮುಚ್ಚಿ ಉಸಿರು ಗಮನಿಸುತ್ತಾ ಕೂತರು! ಜೋರ್ಡನ್ 1995ರಲ್ಲಿ ಮರಳಿದರು; 1996, 1997, 1998 ಮೂರು ವರ್ಷವೂ ತಂಡ ಪ್ರಶಸ್ತಿ ಗೆದ್ದಿತು. ಕೇಳಲು ಚೆನ್ನಾಗಿದೆ. ಆದರೆ ಇನ್ನೊಂದನ್ನೂ ಹೇಳಬೇಕು. ಇದೇ ತಂಡ 1991ರಿಂದ 1993ರವರೆಗೆ, ಅಂದರೆ ಮಮ್‌ಫರ್ಡ್ ಬರುವುದಕ್ಕೆ ಮುಂಚೆಯೂ, ಮೂರು ಸಲ ಗೆದ್ದಿತ್ತು. ಜೋರ್ಡನ್ ಇದ್ದ ತಂಡ ಗೆದ್ದರೆ ಅದರ ಪುಣ್ಯವನ್ನೆಲ್ಲಾ ಉಸಿರಾಟಕ್ಕೆ ಕೊಡೋದು ನ್ಯಾಯವಲ್ಲ.

ಅದಕ್ಕೇ ನನಗೆ ಮೂರನೆಯ ಉದಾಹರಣೆ ಹೆಚ್ಚು ಹಿಡಿಸಿತು. ಭಾರತೀಯ ಮೂಲದ ಅಮಿಶಿ ಝಾ ಮಯಾಮಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ, ಗಮನ ಅನ್ನೋದೇ ಅವರ ಅಧ್ಯಯನದ ವಿಷಯ. ಅವರ ತಂಡ 2017ರಲ್ಲಿ 100 ಮಂದಿ ಕಾಲೇಜು ಫುಟ್‌ಬಾಲ್ ಆಟಗಾರರ ಮೇಲೆ ನಡೆಸಿದ ಅಧ್ಯಯನ ಪ್ರಕಟಿಸಿತು. ಪಂದ್ಯದ ಋತುವಿಗೆ ಮುಂಚಿನ ಕಠಿಣ ತರಬೇತಿಯ ನಾಲ್ಕು ವಾರ. ಒಂದು ಗುಂಪಿಗೆ ಮನದೆಚ್ಚರ ಕಲಿಸಿದರು, ಇನ್ನೊಂದು ಗುಂಪಿಗೆ ಮೈ ಸಡಿಲಿಸುವ ವಿಶ್ರಾಂತಿ ವಿಧಾನ ಕಲಿಸಿದರು. ದಣಿವು ಹೆಚ್ಚಿದ ಹಾಗೆ ಗಮನ ಕುಗ್ಗೋದು ಸಹಜ. ಮನದೆಚ್ಚರದ ಗುಂಪಿನಲ್ಲಿ ತಪ್ಪದೆ ಅಭ್ಯಾಸ ಮಾಡಿದವರ ಗಮನ ಅಷ್ಟು ಕುಗ್ಗಲಿಲ್ಲ. ಹೆಸರಿಗೆ ಮಾತ್ರ ಕೂತವರಿಗೆ ಆ ಲಾಭ ಕಾಣಲಿಲ್ಲ. ಉಪ್ಪಿನಕಾಯಿಗೆ ಉಪ್ಪು ಹಾಕಿದ್ದೇವೆ ಅಂದರೆ ಸಾಲದು, ದಿನಾ ಕುಲುಕಬೇಕು!

ಒಟ್ಟಾರೆ ಫಲ ಎಷ್ಟು ಅಂತ ಕೇಳಿದರೆ ನಾಲಿಗೆ ಬಿಗಿಹಿಡಿದೇ ಹೇಳಬೇಕು. ಇಂಥ ಪ್ರಯೋಗಗಳನ್ನೆಲ್ಲಾ ಕೂಡಿಸಿ ನೋಡಿದ 2017ರ ಒಂದು ಸಮೀಕ್ಷೆಗೆ ಬಂದೂಕಿನ ಗುರಿ, ಡಾರ್ಟ್ ಎಸೆತ ಮುಂತಾದ ಆಟಗಳಲ್ಲಿ ಸುಧಾರಣೆ ಕಂಡಿತು. ಆದರೆ ಪ್ರಯೋಗಗಳ ಸಂಖ್ಯೆ ಕಡಿಮೆ, ಅವುಗಳಲ್ಲಿದ್ದ ಜನವೂ ಕಡಿಮೆ. ಗುರಿಯ ಆಟದಲ್ಲಿ ಒಂದು ಗಳಿಗೆಯ ಗಮನಕ್ಕೆ ಎಷ್ಟು ಬೆಲೆ ಅನ್ನೋದಕ್ಕೆ ನಮ್ಮ ಅಭಿನವ್ ಬಿಂದ್ರಾ ಅವರ 2008ರ ಬೀಜಿಂಗ್ ಪಂದ್ಯ ನೆನೆಸಿಕೊಳ್ಳಿ. ಕೊನೆಯ ಗುಂಡಿಗೆ ಮುಂಚೆ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಮತ್ತು ಬಿಂದ್ರಾ ಸಮಸಮ. ಆತನಿಗೆ ಬಿದ್ದದ್ದು 9.7, ಬಿಂದ್ರಾಗೆ 10.8. ಒಬ್ಬರಿಗೆ ಕಂಚು, ಒಬ್ಬರಿಗೆ ಚಿನ್ನ. ಬಿಂದ್ರಾ ಇದೇ ವಿಧಾನದಿಂದ ಗೆದ್ದರು ಅಂತ ನಾನು ಹೇಳುತ್ತಿಲ್ಲ. ಆ ಮಟ್ಟದಲ್ಲಿ ಎಲ್ಲರ ಕೈಯೂ ಪಳಗಿರುತ್ತೆ, ಉಳಿಯುವ ವ್ಯತ್ಯಾಸ ಇಂಥ ಗಳಿಗೆಯಲ್ಲಿರುತ್ತೆ ಅನ್ನೋದಷ್ಟೇ ಮಾತು.

ಇನ್ನು ಮಾಡುವ ವಿಧಾನ. ಬೇಕಾಗುವ ಸಾಮಾನು: ಒಂದು ಚಾಪೆ, ಒಂದೆರಡು ಒಣದ್ರಾಕ್ಷಿ, ದಿನಕ್ಕೆ ಹತ್ತು ಹನ್ನೆರಡು ನಿಮಿಷ, ಎಂಟು ವಾರದ ತಾಳ್ಮೆ. ದುಡ್ಡು ಕೊಟ್ಟು ಯಾವ ಕೋರ್ಸಿಗೂ ಸೇರಬೇಕಾಗಿಲ್ಲ.

ಮೊದಲ ಎರಡು ವಾರ: ಶುರು ಮಾಡೋದು ದ್ರಾಕ್ಷಿಯಿಂದ. ಕಬಾಟ್-ಜಿನ್ ಅವರ ತರಗತಿಯಲ್ಲೂ ಹೀಗೇ ಶುರು. ಒಂದೇ ಒಂದು ದ್ರಾಕ್ಷಿಯನ್ನು ಅಂಗೈಲಿಟ್ಟು ನೋಡುವುದು, ಸುಕ್ಕು ಮುಟ್ಟುವುದು, ಮೂಸುವುದು, ಆಮೇಲೆ ನಿಧಾನವಾಗಿ ಅಗಿಯುವುದು. ಮಕ್ಕಳಿಗೆ ನಗು ಬರುತ್ತೆ, ಬರಲಿ. ನಂತರ ದಿನಾ ಬೆನ್ನು ನೆಟ್ಟಗಿಟ್ಟು ಕೂತು ಉಸಿರು ಒಳಗೆ ಹೋಗೋದು, ಹೊರಗೆ ಬರೋದು ಗಮನಿಸಬೇಕು. ಉಸಿರನ್ನು ಬಲವಂತವಾಗಿ ಎಳೆಯುವುದು, ಹಿಡಿಯುವುದು ಬೇಡ. ಮನಸ್ಸು ಜಾರಿದ್ದು ಗೊತ್ತಾದ ಕೂಡಲೇ ಮರಳಿ ಉಸಿರಿಗೆ.

ಮೂರು-ನಾಲ್ಕನೇ ವಾರ: ಚಾಪೆ ಮೇಲೆ ಅಂಗಾತ ಮಲಗಿ ಕಾಲ್ಬೆರಳಿನಿಂದ ನೆತ್ತಿಯವರೆಗೆ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಬರಬೇಕು. ಎಲ್ಲಿ ಬಿಗಿ ಇದೆ, ಎಲ್ಲಿ ನೋವಿದೆ ಅಂತ ತಿಳಿದುಕೊಳ್ಳುವುದಷ್ಟೇ. ಓಟಗಾರರಿಗೆ ಇದರಿಂದ ಇನ್ನೊಂದು ಉಪಯೋಗ: ಬರೀ ದಣಿವಿಗೂ ನಿಜವಾದ ಪೆಟ್ಟಿಗೂ ಇರುವ ವ್ಯತ್ಯಾಸ ಬೇಗ ಗೊತ್ತಾಗಬಹುದು.

ಐದು-ಆರನೇ ವಾರ: ಕೂತು ಕಲಿತದ್ದನ್ನು ಚಲನೆಗೆ ತರುವುದು. ಮೊದಲು ನಿಧಾನ ನಡಿಗೆ, ಹಿಮ್ಮಡಿ ತಾಗಿತು, ಬೆರಳು ಎದ್ದಿತು. ಆಮೇಲೆ ಹಗುರ ಓಟ. ವಾಷಿಂಗ್ಟನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಕೀತ್ ಕಾಫ್‌ಮನ್, ಕೆರಲ್ ಗ್ಲಾಸ್ ಮುಂತಾದವರು ಬಿಲ್ಲುಗಾರರಿಗೆ, ಗಾಲ್ಫ್ ಆಟಗಾರರಿಗೆ, ದೂರದ ಓಟಗಾರರಿಗೆ ಅಂತಲೇ ರೂಪಿಸಿ 2009ರಲ್ಲಿ ಪ್ರಕಟಿಸಿದ ಕ್ರಮವೂ ಇದೇ: ಮೊದಲು ಕೂರು, ಆಮೇಲೆ ನಡೆ, ಕಡೆಗೆ ನಿನ್ನ ಆಟದಲ್ಲೇ ಮಾಡು.

ಏಳು-ಎಂಟನೇ ವಾರ: ಪೂರ್ತಿ ವೇಗದ ಓಟದಲ್ಲಿ ಮನಸ್ಸಿಗೆ ಒಂದು ಗೂಟ ಬೇಕು. ಹೆಜ್ಜೆಯ ಸದ್ದೋ, ಉಸಿರೋ, ಯಾವುದಾದರೂ ಒಂದು. ಹೆಜ್ಜೆಯನ್ನು ತಿದ್ದಲಿಕ್ಕೆ ಹೋಗಬಾರದು (ದೋಸೆಯ ಮಾತು ನೆನಪಿದೆಯಲ್ಲ?), ಕೇಳಿಸಿಕೊಂಡರೆ ಸಾಕು. "ಹಿಂದೆ ಯಾರಿದ್ದಾರೋ" ಅಂತ ಬಂದಾಗ ಮನಸ್ಸಿನಲ್ಲೇ "ಇದು ಯೋಚನೆ" ಅಂತ ಹೆಸರಿಟ್ಟು ಹೆಜ್ಜೆಯ ಸದ್ದಿಗೆ ಮರಳಬೇಕು. ಗೆಳತಿಯರನ್ನು ಪಕ್ಕದಲ್ಲಿ ನಿಲ್ಲಿಸಿ ಗಲಾಟೆ ಮಾಡಿಸಿ ಓಡಿಸಿ, ಗದ್ದಲದಲ್ಲೂ ಮರಳುವ ರೂಢಿಯಾಗಲಿ. ಸ್ಪರ್ಧೆಯ ದಿನ ಗೆರೆಯ ಮೇಲೆ ನಿಂತಾಗ ಎರಡೂ ಪಾದ ನೆಲದ ಮೇಲಿರುವುದನ್ನು ತಿಳಿದುಕೊಂಡು ಒಂದು ದೀರ್ಘ ಉಸಿರು ಬಿಡಲಿ. ಎದೆ ಡವಡವ ಅಂತಲೇ ಇರುತ್ತೆ, ಇರಲಿ ಬಿಡಿ. ಅದನ್ನು ಇಟ್ಟುಕೊಂಡೇ ಓಡುವುದನ್ನು ಎಂಟು ವಾರ ಕಲಿತಿದ್ದಾಳೆ. ಸ್ಪರ್ಧೆಯ ಹಿಂದಿನ ದಿನ ಹೊಸದಾಗಿ ಕೂರಿಸಿ "ಧ್ಯಾನ ಮಾಡು" ಅಂದರೆ ಮಾತ್ರ ಏನೂ ಪ್ರಯೋಜನವಿಲ್ಲ.

ಈಗ ತಾಯಂದಿರಿಗೆ ಎಚ್ಚರಿಕೆಯ ಮಾತು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬೇಡಿ. ಎರಡನೇ ಸುತ್ತಿನಲ್ಲಿ ಸುಸ್ತಾಗುವ ಹುಡುಗಿಗೆ ರಕ್ತಹೀನತೆ ಇರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ಅದು ಇದೆ. ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮುಟ್ಟು ತಿಂಗಳುಗಟ್ಟಲೆ ನಿಂತಿದ್ದರೆ, ಓಡುವಾಗ ತಲೆ ಸುತ್ತು, ಎದೆನೋವು ಬಂದರೆ ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಬೆಳಗ್ಗೆ ಬರೀ ಕಾಫಿ ಕುಡಿದು ಓಡುವ ಮಗುವಿಗೆ ಯಾವ ಧ್ಯಾನವೂ ಕಾಲಿಗೆ ಬಲ ಕೊಡೋದಿಲ್ಲ. ರಾಗಿ, ಕಾಳು, ಸೊಪ್ಪು, ಬೆಲ್ಲ-ಕಡಲೆಬೀಜ, ಒಗ್ಗುವವರಿಗೆ ಮೊಟ್ಟೆ, ಕಣ್ತುಂಬ ನಿದ್ದೆ, ಇವು ಮೊದಲು. ಕಣ್ಣು ಮುಚ್ಚಿ ಕೂತರೆ ಕೆಲವು ಮಕ್ಕಳಿಗೆ ಆತಂಕ ಹೆಚ್ಚುವುದೂ ಉಂಟು. ಅಂಥವರು ಕಣ್ಣು ಬಿಟ್ಟು ನಡಿಗೆಯಲ್ಲೇ ಮಾಡಲಿ, ಆಗಲೂ ಕಷ್ಟವಾದರೆ ಬಿಟ್ಟುಬಿಡಲಿ. ಬಲವಂತ ಮಾಡಿದರೆ ಇದೂ ಇನ್ನೊಂದು ಪರೀಕ್ಷೆಯಾಗುತ್ತೆ. ಮಗಳನ್ನು ಚಾಪೆ ಮೇಲೆ ಕೂರಿಸಿ ನೀವು ಪಕ್ಕದಲ್ಲಿ ಮೊಬೈಲು ನೋಡುತ್ತಾ ಕೂರಬೇಡಿ. ನೀವೂ ಕೂತುಕೊಳ್ಳಿ, ನಮಗೇನು ಮನಸ್ಸು ಕಡಿಮೆ ಓಡುತ್ತದೆಯೇ!

ಪತ್ರ ಬರೆದ ಸೋದರಿಗೆ ನನ್ನ ಉತ್ತರ ಇದು. ಓಟ ನಿಲ್ಲಿಸಬೇಡಿ. ಹದಿನಾರು ತುಂಬದ ಹುಡುಗಿಗೆ "ನಿನಗೆ ಎದೆಗಾರಿಕೆ ಇಲ್ಲ" ಅಂತ ಮನೆಯಲ್ಲೇ ಹಣೆಪಟ್ಟಿ ಹಚ್ಚಿದರೆ ಅವಳು ಅದನ್ನು ಮೈದಾನದಲ್ಲಿ ಬಿಟ್ಟು ಬರುವುದಿಲ್ಲ, ಪರೀಕ್ಷೆಯ ಕೋಣೆಗೂ, ನಾಳೆ ಕೆಲಸದ ಸಂದರ್ಶನಕ್ಕೂ, ಗಂಡನ ಮನೆಗೂ ಹೊತ್ತುಕೊಂಡು ಹೋಗುತ್ತಾಳೆ. ನಿಮ್ಮವರ ಹತ್ತಿರ ಜಗಳಕ್ಕೆ ಹೋಗದೆ ಎಂಟು ವಾರ ಕೇಳಿ. ದಿನಕ್ಕೆ ಹನ್ನೆರಡು ನಿಮಿಷದಿಂದ ಓದು ಕೆಡೋದಿಲ್ಲ ಅಂತ ಹೇಳಿ. ಅವಳು ಗೆಲ್ಲುತ್ತಾಳೆ ಅಂತ ಮಾತ್ರ ಮಾತು ಕೊಡಬೇಡಿ. ಜಿಲ್ಲೆಯಲ್ಲಿ ಅವಳಿಗಿಂತ ವೇಗದ ಹುಡುಗಿಯರು ಇರಬಹುದು, ಅವರೆದುರು ಸೋಲುವುದು ನಾಚಿಕೆಯ ವಿಷಯವಲ್ಲ. ತನ್ನ ಕಾಲಲ್ಲಿ ಇರುವ ಓಟವನ್ನು ಪೂರ್ತಿ ಓಡಿ ಬಂದಳೇ ಅನ್ನುವುದನ್ನು ನೋಡಿ. ಆಮೇಲೂ ಓಟ ಬೇಡ ಅನ್ನಿಸಿದರೆ ಆ ಮಾತು ಅವಳ ಬಾಯಿಂದ ಬರಲಿ.

ಇನ್ನೊಂದು ಸಣ್ಣ ವಿಷಯ. ಓಟ ಮುಗಿಸಿ ಬಂದ ಮಗುವಿಗೆ "ಎಷ್ಟನೇ ಸ್ಥಾನ?" ಅಂತ ಮೊದಲೇ ಕೇಳುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ. ನೀರು ಕೊಡಿ, ಕೂರಿಸಿ, "ಎರಡನೇ ಸುತ್ತಿನಲ್ಲಿ ಹೆಜ್ಜೆ ಸದ್ದು ಕೇಳಿಸ್ತಾ?" ಅಂತ ಕೇಳಿ. ಉತ್ತರ ಹೇಗೇ ಇರಲಿ, ಅಂದಿನ ತಾರೀಖಿನ ಮುಂದೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿ. ದಿನದ ಅಭ್ಯಾಸ ಆದರೆ ಅಲ್ಲೇ ಒಂದು ಗೀಟು ಎಳೆಯಲಿ. ಎಂಟು ವಾರದ ಕೊನೆಯಲ್ಲಿ ಗೀಟುಗಳನ್ನು ಎಣಿಸಿ ನನಗೊಂದು ಕಾಗದ ಬರೆಯಿರಿ. ಫಲ ಕಾಣದಿದ್ದರೂ ಬರೆಯಿರಿ, ಅದನ್ನೂ ಇದೇ ಪುಟದಲ್ಲಿ ಹಂಚಿಕೊಳ್ಳೋಣ.